ಒಂದು ಗಣಕ, ಎರಡು ಸಂಸಾರ

ಲಿನಕ್ಸ್ ಹಾಕ್ಕೋಬೇಕು ಅಂತ ಆಸೆ ಇರೋ ಕನ್ನಡಿಗರು ಕಮ್ಮಿಯೇನಿಲ್ಲ. ಆದರೆ ಮಾತು ಸ್ವಲ್ಪ ಮುಂದಕ್ಕೆ ಹೋದ ಕೂಡಲೇ ಬರೋ ಪ್ರಶ್ನೆ ಒಂದೇ: "ನಮ್ಮ ಹಳೇ ನುಡಿ, ಪೇಜ್‌ಮೇಕರ್ ಅದರಲ್ಲಿ ಓಡುತ್ತಾ?" ನೇರವಾಗಿ ಓಡಲ್ಲ ಅಂದರೆ ಮುಗೀತು, ಆಸೆ ಅಲ್ಲಿಗೇ ಮಂಗಳ ಹಾಡಿಕೊಳ್ಳುತ್ತೆ.

ಈಗ ಈ ಮಾತು ಮತ್ತೆ ಎತ್ತೋದಕ್ಕೆ ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಬಹುಪಾಲು 8ನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ರೇ ಬೇಕು. ಹಾಗಾಗಿ ಗಟ್ಟಿಮುಟ್ಟಾಗಿರುವ ಎಷ್ಟೋ ಗಣಕಗಳು ಒಂದೇ ದಿನದಲ್ಲಿ ಮುದಿಯಾದವು. ಹೊಸದು ಕೊಳ್ಳಿ ಅಂತಾರೆ ಅಂಗಡಿಯವರು. ನನ್ನ ಅಭಿಪ್ರಾಯ ಬೇರೆ. ಗಣಕಕ್ಕೆ ಲಿನಕ್ಸ್ ಹಾಕಿ, ವಿಂಡೋಸನ್ನು ಅದರ ಹೊಟ್ಟೆಯೊಳಗೆ ಕೂರಿಸಿ.

"ಡ್ಯುಯಲ್ ಬೂಟ್ ಇದೆಯಲ್ಲ?" ಅಂತೀರಿ. ಇದೆ. ಆದರೆ ಒಂದು ಪತ್ರ ತೆರೆಯೋದಕ್ಕೆ ಇಡೀ ಯಂತ್ರ ಆರಿಸಿ ಹಚ್ಚೋರು ಯಾರು? ನಾಲ್ಕು ದಿನ ಹಾಗೆ ಮಾಡಿ, ಐದನೇ ದಿನ ವಿಂಡೋಸಿನಲ್ಲೇ ಉಳಿದುಬಿಡ್ತಾರೆ. ವೈನ್ ಇನ್ನೊಂದು ದಾರಿ. ಅದರಲ್ಲಿ ಕೆಲವು ಓಡುತ್ತವೆ, ಕೆಲವು ಅರ್ಧ ಓಡಿ ಕೈಕೊಡುತ್ತವೆ.

ವರ್ಚುವಲ್ ಮೆಷಿನ್ ಹಾಗಲ್ಲ. ಇಲ್ಲಿ ಲಿನಕ್ಸ್ ಆತಿಥೇಯ, ವಿಂಡೋಸ್ ಅತಿಥಿ. ಅತಿಥಿಗೆ ಕೊಟ್ಟಿರೋದು ಒಂದು ಕೋಣೆ, ಅದು ತಿಳಿದುಕೊಂಡಿರೋದು ಇಡೀ ಮನೆ ತನ್ನದೇ ಅಂತ :-) ಅದರ ಹಾರ್ಡ್ ಡಿಸ್ಕ್ ಅನ್ನೋದು ನಮ್ಮ ಪಾಲಿಗೆ ಬರೀ ಒಂದು ದೊಡ್ಡ ಫೈಲು. ಅತಿಥಿಯ ಸಾಮಾನ್ಯ ಆದೇಶಗಳು ಪ್ರೊಸೆಸರಿನಲ್ಲಿ ನೇರವಾಗೇ ಓಡುತ್ತವೆ, ಯಂತ್ರದ ಮರ್ಮಕ್ಕೆ ಕೈ ಹಾಕುವಂಥವನ್ನು ಮಾತ್ರ ನಡುವೆ ಇರೋ ತಂತ್ರಾಂಶ ತಡೆದು ತಾನೇ ನಿಭಾಯಿಸುತ್ತೆ. ಇದಕ್ಕೆ ನೆರವಾಗೋ ಸೌಲಭ್ಯವನ್ನು ಇಂಟೆಲ್ 2005ರಲ್ಲೇ ಪ್ರೊಸೆಸರಿಗೆ ಸೇರಿಸಿತು, ಎಎಂಡಿ 2006ರಲ್ಲಿ. ಎಷ್ಟೋ ಗಣಕಗಳಲ್ಲಿ ಇದು ಬಯಾಸ್‌ನಲ್ಲಿ ಆಫ್ ಆಗಿರುತ್ತೆ. ಮೊದಲು ಅದನ್ನು ಆನ್ ಮಾಡಿ, ಆಮೇಲೆ ತಂತ್ರಾಂಶವನ್ನು ಬೈಯಿರಿ.

ತಂತ್ರಾಂಶಕ್ಕೆ ದುಡ್ಡೂ ಬೇಡ. ವರ್ಚುವಲ್‌ಬಾಕ್ಸ್ 2007ರಿಂದ ಮುಕ್ತ ತಂತ್ರಾಂಶ. ಸನ್ ಕೈಗೆ ಹೋಗಿ, 2010ರಲ್ಲಿ ಒರೇಕಲ್ ಕೈಗೆ ಬಂದರೂ ಹಾಗೇ ಉಳಿದಿದೆ. ಅದರ ಎಕ್ಸ್‌ಟೆನ್ಷನ್ ಪ್ಯಾಕ್ ಮಾತ್ರ ಮುಕ್ತವಲ್ಲ, ಡಿಟಿಪಿ ಅಂಗಡಿಯವರು ಅದನ್ನು ಹಾಕಿಕೊಳ್ಳೋ ಮುಂಚೆ ಷರತ್ತು ಓದಿ. ವಿಎಂವೇರ್ ವರ್ಕ್‌ಸ್ಟೇಷನ್ ಕೂಡ 2024ರ ನವೆಂಬರಿನಲ್ಲಿ ಎಲ್ಲರಿಗೂ ಪುಕ್ಕಟೆ ಆಯಿತು. 8 ಜಿಬಿ ರ್‍ಯಾಮ್ ಇದ್ದರೆ ವಿಂಡೋಸ್ 10ಕ್ಕೆ 4 ಜಿಬಿ ಬಿಟ್ಟುಕೊಡಬಹುದು. ಎಕ್ಸ್‌ಪಿಗಾದರೆ 512 ಎಂಬಿ ಸಾಕೋ ಸಾಕು.

ನನಗೆ ಇದರಲ್ಲಿ ಮುಖ್ಯವಾಗಿ ಕಾಣೋದು ಕನ್ನಡದ ಹಳೇ ಫೈಲುಗಳು. ಪೇಜ್‌ಮೇಕರ್ 2001ರ 7ನೇ ಆವೃತ್ತಿಗೇ ನಿಂತುಹೋಯಿತು, ಯುನಿಕೋಡ್ ಕನ್ನಡ ಅದಕ್ಕೆ ಬರಲೇ ಇಲ್ಲ. ಅದರಲ್ಲಿ ಕಟ್ಟಿದ ಕಥಾಸಂಕಲನ, ಸ್ಮರಣಸಂಚಿಕೆ, ಊರಿನ ಇತಿಹಾಸ ಎಲ್ಲ ಆಸ್ಕಿ ಫಾಂಟುಗಳಲ್ಲಿವೆ. ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿ. ಅದಕ್ಕೇ ಎಷ್ಟೋ ಪ್ರೆಸ್ಸುಗಳಲ್ಲಿ ಮೂಲೆಯಲ್ಲೊಂದು ಎಕ್ಸ್‌ಪಿ ಡಬ್ಬ ಧೂಳು ಕುಡಿಯುತ್ತಾ ಕೂತಿರುತ್ತೆ. ಅದರ ಹಾರ್ಡ್ ಡಿಸ್ಕ್ ಒಂದು ದಿನ ಕಟಕಟ ಅಂದರೆ ಇಪ್ಪತ್ತು ವರ್ಷದ ಕನ್ನಡ ಗೋವಿಂದ! ಅದೇ ವ್ಯವಸ್ಥೆಯನ್ನು ವರ್ಚುವಲ್ ಮೆಷಿನ್ನಿನಲ್ಲಿ ಕಟ್ಟಿಕೊಂಡರೆ, ಹಳೇ ತಂತ್ರಾಂಶ, ಫಾಂಟು, ಫೈಲು ಎಲ್ಲ ಸೇರಿ ಒಂದು ಫೈಲಾಗುತ್ತೆ. ನಾಲ್ಕು ಕಡೆ ನಕಲು ಇಡಬಹುದು. ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಏನಾದರೂ ಕೆಟ್ಟಾಗ ನಿನ್ನೆಯ ಸ್ಥಿತಿಗೆ ವಾಪಸ್. ಪ್ರಿಂಟರ್ ಗೋಳೂ ಬೇಡ, ಒಳಗೆ ಪಿಡಿಎಫ್ ಮಾಡಿ ಶೇರ್ಡ್ ಫೋಲ್ಡರಿಗೆ ಹಾಕಿದರೆ ಲಿನಕ್ಸಿನಿಂದ ಅಚ್ಚಾಗುತ್ತೆ.

ಬೆಂಬಲವಿಲ್ಲದ ವಿಂಡೋಸನ್ನೇ ಮತ್ತೆ ಓಡಿಸಿದಂತಾಯ್ತಲ್ಲ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ಅತಿಥಿಗೆ ಇಂಟರ್ನೆಟ್ ಕೊಡಬೇಡಿ. ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಟಿಕ್ ತೆಗೆದರೆ ಆಯಿತು. ಬ್ಯಾಂಕು, ಮಿಂಚಂಚೆ ಎಲ್ಲ ಲಿನಕ್ಸಿನಲ್ಲೇ ನಡೀಲಿ. ಲೈಸೆನ್ಸ್ ವಿಷಯಾನೂ ನೋಡಿಕೊಳ್ಳಿ, ಗಣಕದ ಜೊತೆ ಬಂದ ವಿಂಡೋಸಿನ ಪರವಾನಗಿ ಆ ಯಂತ್ರಕ್ಕೇ ಕಟ್ಟಿರುತ್ತೆ.

ಒಂದು ಕಡೆ ಮಾತ್ರ ಇದು ಸೋಲುತ್ತೆ. ಕೆಲವು ಡಿಟಿಪಿ ತಂತ್ರಾಂಶಗಳು ಡಾಂಗಲ್ ಇಲ್ಲದೆ ಏಳಲ್ಲ. ಯುಎಸ್‌ಬಿ ಡಾಂಗಲ್ ಆದರೆ ಅತಿಥಿಗೆ ದಾಟಿಸಬಹುದು, ಆದರೆ ಹಿಂದಿನ ಪ್ಯಾರಲಲ್ ಪೋರ್ಟಿನದಾದರೆ ಕಷ್ಟ. ಅಂಥವರು ಆ ಮೂಲೆಯ ಡಬ್ಬ ಇನ್ನೂ ಉಸಿರಾಡುತ್ತಿರುವಾಗಲೇ ಬರಹವನ್ನೆಲ್ಲ ಯುನಿಕೋಡಿಗೆ ಬದಲಾಯಿಸಿಕೊಳ್ಳಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಇರೋ ಕಡೆ ಮಾತ್ರ ಒಮ್ಮೆ ಕಣ್ಣಾಡಿಸಿ.