ಬೈಯುವುದು ಆಮೇಲೆ, ಮೊದಲು ಡಾಕ್ಟರ್

ತುಟಿಗೆ ಫಿಲ್ಲರ್ ಹಾಕಿಸಿಕೊಳ್ಳುವ ಮಾತು ಬಂದರೆ ನಮ್ಮ ಮನೆಗಳಲ್ಲಿ ಚರ್ಚೆ ನೇರವಾಗಿ ಹಲಾಲೋ ಹರಾಮೋ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಆ ತೀರ್ಪು ಕೊಡುವಷ್ಟು ಇಲ್ಮ್ ನನಗಿಲ್ಲ. ನನ್ನ ಪ್ರಶ್ನೆ ಬೇರೆ. ಈಗಾಗಲೇ ಹಾಕಿಸಿಕೊಂಡು, ತುಟಿಯಲ್ಲಿ ಗಂಟಾಗಿ, ಯಾರಿಗೂ ಹೇಳಲಾಗದೆ ಕೂತಿರುವ ಹುಡುಗಿ ಏನು ಮಾಡಬೇಕು?

ತುಟಿಗೆ ಹೆಚ್ಚಾಗಿ ಚುಚ್ಚುವುದು ಹಯಲುರಾನಿಕ್ ಆಮ್ಲದ ಜೆಲ್. ಮೊದಲ ಕೆಲವು ದಿನ ಊತ, ಸಣ್ಣ ಗಂಟು ಇರುವುದು ಸಾಮಾನ್ಯ. ಹೆಚ್ಚಿನವು ಒಂದೆರಡು ವಾರದಲ್ಲಿ ಇಳಿಯುತ್ತವೆ. ಜೆಲ್ ಜಾಸ್ತಿಯಾದರೆ, ಪದೇ ಪದೇ ಹಾಕಿಸಿದರೆ ಅಥವಾ ತಪ್ಪು ಜಾಗಕ್ಕೆ ಚುಚ್ಚಿದರೆ ಅದು ತುಟಿಯ ಅಂಚು ದಾಟಿ ಮೇಲಕ್ಕೆ ಸರಿಯಬಹುದು. ಆಗ ಮೂಗಿನ ಕೆಳಗೆ ಉಬ್ಬಿದಂತೆ ಕಾಣುತ್ತದೆ. ಇದಕ್ಕೆ ಮದ್ದಿದೆ. ಹಯಲುರಾನಿಡೇಸ್ ಎಂಬ ಇಂಜೆಕ್ಷನ್ ಆ ಜೆಲ್ಲನ್ನು ಕರಗಿಸುತ್ತದೆ. ಅದರಿಂದ ಅಲರ್ಜಿಯೂ ಆಗಬಹುದಾದ್ದರಿಂದ ವೈದ್ಯರೇ ಕೊಡಬೇಕು. ಚುಚ್ಚಿದ್ದು ಸಿಲಿಕೋನ್ ಆಗಿದ್ದರೆ ಅದು ಕರಗುವುದಿಲ್ಲ. ತುಟಿ ಬಿಳಿಚಿಕೊಂಡು ವಿಪರೀತ ನೋವಿದ್ದರೆ ರಕ್ತನಾಳ ಮುಚ್ಚಿರಬಹುದು. ಆಗ ನಾಳೆ ನೋಡೋಣ ಎನ್ನುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮದ್ದಿದ್ದರೂ ತಡವಾಗುವುದು ಭಯದಿಂದ. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ನಿಕಾಹ್‌ಗೆ ಮುಂಚೆ ಒಂದು ಪಾರ್ಲರಿನಲ್ಲಿ ಫಿಲ್ಲರ್ ಹಾಕಿಸಿದಳು. ಗಂಟು ಬಂತು. ಮನೆಯಲ್ಲಿ ಬೈದರು. ಅವಳು ಸುಮ್ಮನೆ ಅದೇ ಪಾರ್ಲರಿಗೆ ಹೋದಳು. ಅವರು ಸಮ ಮಾಡುತ್ತೇವೆಂದು ಇನ್ನಷ್ಟು ಜೆಲ್ ತುಂಬಿಸಿ, ಅದಕ್ಕೂ ದುಡ್ಡು ತೆಗೆದುಕೊಂಡರು. ತಿಂಗಳುಗಟ್ಟಲೆ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಓಡಾಡಿದಳು. ಕೊನೆಗೆ ಅದನ್ನು ಕರಗಿಸಿದ್ದು ಒಬ್ಬ ಚರ್ಮರೋಗ ತಜ್ಞೆ.

ಬಿಸಿನೆಸ್ ಸ್ಟಡೀಸ್‌ನಲ್ಲಿ ನಾವು ಗ್ರಾಹಕರ ಹಕ್ಕುಗಳನ್ನು ಓದುತ್ತೇವೆ: ಸುರಕ್ಷತೆಯ ಹಕ್ಕು, ಮಾಹಿತಿ ಪಡೆಯುವ ಹಕ್ಕು, ಪರಿಹಾರ ಕೇಳುವ ಹಕ್ಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದುಡ್ಡು ಕೊಟ್ಟು ಪಡೆಯುವ ಸೇವೆಗಳಿಗೂ ಅನ್ವಯಿಸುತ್ತದೆ. ಆದರೆ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವಳು ಬಿಲ್ಲನ್ನೂ ಕೇಳುವುದಿಲ್ಲ, ದೂರನ್ನೂ ಕೊಡುವುದಿಲ್ಲ. ಅವಳ ಮೌನದಿಂದ ಲಾಭವಾಗುವುದು ಚುಚ್ಚಿದವರಿಗೆ ಮಾತ್ರ.

ನಮ್ಮ ವಯಸ್ಸಿಗೆ ಇದು ಬೇಡ ಎಂದೇ ನಾನೂ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 2021ರ ಅಕ್ಟೋಬರ್‌ನಿಂದ 18 ವರ್ಷದೊಳಗಿನವರಿಗೆ ಅಂದಕ್ಕಾಗಿ ಫಿಲ್ಲರ್ ಹಾಕುವುದು ಅಪರಾಧ. ಅಲ್ಲಿ ಶಿಕ್ಷೆ ಹಾಕಿಸಿಕೊಂಡ ಹುಡುಗಿಗಲ್ಲ, ಹಾಕಿದವರಿಗೆ. ನಾವು ಮಾತ್ರ ಹುಡುಗಿಯನ್ನು ಬೈದು, ಹಾಕಿದವರನ್ನು ಬಿಟ್ಟುಬಿಡುತ್ತೇವೆ.

ದೊಡ್ಡವಳಾದ ಮೇಲೆ ಹಾಕಿಸಿಕೊಳ್ಳುವವಳು ಮೊದಲೇ ಮೂರು ಪ್ರಶ್ನೆ ಕೇಳಲಿ: ಚುಚ್ಚುವವರು ವೈದ್ಯರೇ? ಜೆಲ್ಲಿನ ಹೆಸರೇನು? ಕರಗಿಸುವ ಮದ್ದು ಇಲ್ಲಿಯೇ ಇದೆಯೇ? ಇದನ್ನು ಓದುವ ಅಮ್ಮಿ, ಅಬ್ಬಾಗಳಲ್ಲಿ ನನ್ನದೊಂದು ಕೋರಿಕೆ: ಮಗಳು ತುಟಿ ಮುಚ್ಚಿಕೊಂಡು ಬಂದರೆ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬೈಯಲು ಆಮೇಲೆ ಬೇಕಾದಷ್ಟು ಸಮಯವಿದೆ.