ಪರದೇಶಿ ಎಂಬ ಮಾತು

ನಮ್ಮ ನುಡಿಯಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಅನ್ಯದೇಶದವನೆಂಬುದು ಒಂದು, ದಿಕ್ಕಿಲ್ಲದವನೆಂಬುದು ಇನ್ನೊಂದು. ಮೊದಲನೆಯ ಅರ್ಥದಲ್ಲಿ ಹಾಗೆ ಕರೆಯಿಸಿಕೊಂಡವನು ಎರಡನೆಯ ಅರ್ಥದಲ್ಲಿಯೂ ಹಾಗಾಗಲು ಬಹಳ ಹೊತ್ತು ಹಿಡಿಯುವದಿಲ್ಲ. ವಲಸೆಯ ಪ್ರಶ್ನೆಯನ್ನು ಕುರಿತ ವಾದವಿವಾದಗಳಲ್ಲಿ ಇಂಥ ಶಬ್ದಗಳ ಬಳಕೆಯು ಮಿತಿಮೀರುತ್ತಿರುವದರಿಂದ ಯಾದಗಿರಿ, ಶಹಾಪುರ, ಸುರಪುರಗಳ ವಾಚಕರ ಮುಂದೆ ಎರಡು ಮಾತುಗಳನ್ನಿಡುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಈ ಸೀಮೆಯು ನಿಜಾಮ ಸಂಸ್ಥಾನದಲ್ಲಿದ್ದಾಗ ಇಲ್ಲಿ ‘ಮುಲ್ಕಿ’, ‘ಗೈರಮುಲ್ಕಿ’ ಎಂಬ ಶಬ್ದಗಳು ನಡೆಯುತ್ತಿದ್ದವು. ೧೯೧೯ರ ನಿಯಮಗಳ ಮೇರೆಗೆ ಸರಕಾರಿ ನೌಕರಿಯು ಮುಲ್ಕಿಗಳ ಪಾಲಿನದು. ಔರಂಗಾಬಾದದ ಮರಾಠಿಗನು ಸುರಪುರದಲ್ಲಿ ಮುಲ್ಕಿ. ಮುಂಬಯಿ ಇಲಾಖೆಗೆ ಸೇರಿದ್ದ ನೆರೆಯ ತಾಳಿಕೋಟೆಯ ಕನ್ನಡಿಗನು ಗೈರಮುಲ್ಕಿ! ಸ್ಥಳೀಕರಿಗೆ ನೌಕರಿ ದೊರೆಯಬೇಕೆಂಬ ಬೇಡಿಕೆಯು ನ್ಯಾಯವಾದದ್ದೇ. ಆದರೆ ೧೯೫೨ರಲ್ಲಿ ಹೈದರಾಬಾದದ ಬೀದಿಗಳಲ್ಲಿ ಆ ಬೇಡಿಕೆಯು ‘ಗೈರಮುಲ್ಕಿಗಳೇ ತೊಲಗಿರಿ’ ಎಂಬ ಕೂಗಾಯಿತು. ಹೊರಗಿನವರು ಉಣ್ಣುವ ಇಡ್ಲಿ ಸಾಂಬಾರನ್ನೂ ಆ ಕೂಗು ಬಿಡಲಿಲ್ಲ. ಕೊನೆಗೆ ಗೋಳೀಬಾರಿನಲ್ಲಿ ಜೀವಗಳು ಹೋದವು. ೧೯೫೬ನೆಯ ನವಂಬರ ೧ರಂದು ಸುರಪುರ, ತಾಳಿಕೋಟೆಗಳೆರಡೂ ಒಂದೇ ರಾಜ್ಯದೊಳಗೆ ಬಂದವು. ಮನುಷ್ಯರು ಇದ್ದಲ್ಲಿಯೇ ಇದ್ದರು, ಗೆರೆಯು ಸರಿಯಿತು. ಗೆರೆಯೊಡನೆ ಬೈಗುಳವೂ ನಿರರ್ಥಕವಾಯಿತು.

ಈಗ ಆ ಸ್ಥಾನಕ್ಕೆ ‘ನುಸುಳುಕೋರ’ನು ಬಂದಿದ್ದಾನೆ. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಅಲ್ಲಿರುವವರು ಬಾಂಗ್ಲಾದೇಶದ ನುಸುಳುಕೋರರೆಂಬ ಕೂಗೆದ್ದಿತು. ಕೂಲಿಕಾರರ ಗುಡಿಸಲುಗಳು ನೆಲಸಮವಾದವು. ಹಾಗೆ ನೆಲೆಗೆಟ್ಟವರಲ್ಲಿ ಅಸಾಮ, ತ್ರಿಪುರಗಳವರಿದ್ದರು. ನಮ್ಮ ಉತ್ತರ ಕರ್ನಾಟಕದ ಮಂದಿಯೂ ಇದ್ದರು. ಕರ್ನಾಟಕದ ಉಚ್ಚ ನ್ಯಾಯಾಲಯವು ಕೈಹಾಕಿ ತಡೆಯಬೇಕಾಯಿತು. ಕನ್ನಡಿಗನು ಕನ್ನಡನಾಡಿನ ರಾಜಧಾನಿಯಲ್ಲಿಯೇ ಪರದೇಶಿಯಾದನು. ಅದಕ್ಕೆ ಒಂದು ಶಬ್ದವು ಸಾಕಾಯಿತು.

ರಾಷ್ಟ್ರವು ತನ್ನ ಗಡಿಯನ್ನು ಕಾಯಬಾರದೆಂದು ನಾವು ಹೇಳುವದಿಲ್ಲ. ಅಪ್ಪಣೆಯಿಲ್ಲದೆ ಬಂದ ಪರರಾಷ್ಟ್ರೀಯನನ್ನು ಗುರುತಿಸಿ ಹಿಂದಕ್ಕೆ ಕಳಿಸುವ ಅಧಿಕಾರವು ಸರಕಾರಕ್ಕುಂಟು. ಆದರೆ ‘ಅಪ್ಪಣೆಯಿಲ್ಲದೆ ಬಂದಿದ್ದಾನೆ’ ಎಂಬುದು ಆರೋಪ. ಅದನ್ನು ಸಾಕ್ಷಿ ಪುರಾವೆಗಳಿಂದ ಒರೆಗೆ ಹಚ್ಚಬಹುದು. ‘ನುಸುಳುಕೋರ’ನೆಂಬುದು ವಿಚಾರಣೆಗೆ ಮೊದಲೇ ಕೊಟ್ಟ ತೀರ್ಪು. ಆರೋಪಿಯನ್ನು ಅಪರಾಧಿಯೆಂದು ಕರೆಯಬಾರದೆಂಬ ನ್ಯಾಯವು ಕಳ್ಳತನದ ಖಟ್ಲೆಗೆ ಸಲ್ಲುವದಾದರೆ ವಲಸೆಗಾರನಿಗೇಕೆ ಸಲ್ಲಬಾರದು?

ಈ ಪ್ರಶ್ನೆಯು ನಮಗೆ ದೂರದ್ದಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದಗಳಿಗೆ ಗುಳೇ ಹೋಗುವವರು ನಮ್ಮ ಈ ತಾಲೂಕುಗಳವರು. ಭಾರತದ ಯಾವ ಭಾಗದಲ್ಲಿಯಾದರೂ ಸಂಚರಿಸಿ ನೆಲೆಸುವ ಹಕ್ಕನ್ನು ಸಂವಿಧಾನದ ೧೯ನೆಯ ಅನುಚ್ಛೇದವು ಅವರಿಗೆ ಕೊಟ್ಟಿದೆ. ಹಾಗೆಯೇ ಇಲ್ಲಿಗೆ ದುಡಿಯಲು ಬರುವ ಬಿಹಾರದವನಿಗೂ ಕೊಟ್ಟಿದೆ. ಅವನನ್ನು ಇಲ್ಲಿ ಹೀನಾಯವಾಗಿ ಕರೆದು, ನಮ್ಮವನಿಗೆ ಅಲ್ಲಿ ಮರ್ಯಾದೆಯನ್ನು ಬೇಡುವದು ಯಾವ ನ್ಯಾಯ?

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ವರ್ಗದಲ್ಲಿ ಹುಡುಗನೊಬ್ಬನು ಇಂಥ ಶಬ್ದವನ್ನಾಡಿದರೆ ಗದರಿಸಬೇಡಿರಿ. ‘ಯಾರು ವಿಚಾರಿಸಿದರು? ಏನು ಪುರಾವೆ?’ ಎಂದು ಕೇಳಿರಿ. ಈ ಎರಡು ಪ್ರಶ್ನೆಗಳನ್ನು ಕಲಿತ ಹುಡುಗನು ಮುಂದೆ ಯಾರ ಗುಡಿಸಲಿಗೂ ಕೈಹಾಕಲಾರನು.