ಗಿನಿಹಂದಿಯ ಕಿವಿ

ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ಕಣ್ಣು ಅರೆಮುಚ್ಚಿ, ಗುಗ್ಗೆ ಕಡ್ಡಿಯಿಂದ ಕಿವಿ ಕೆದಕಿಕೊಳ್ಳುವ ಅಜ್ಜನ ಸುಖವನ್ನು ಬಲ್ಲವರೇ ಬಲ್ಲರು. ಕಡ್ಡಿ ಸಿಗದಿದ್ದರೆ ತಲೆಪಿನ್ನು. ಅದೂ ಇಲ್ಲದಿದ್ದರೆ ಬೆಂಕಿಕಡ್ಡಿ. ವೈದ್ಯರು ಎಷ್ಟು ಬೇಡವೆಂದರೂ ಈ ಸುಖವನ್ನು ತೊರೆದವರು ವಿರಳ. ತನ್ನ ಕಿವಿಯ ವಿಷಯದಲ್ಲಿ ಮನುಷ್ಯನು ಹೇಗಾದರೂ ನಡೆದುಕೊಳ್ಳಲಿ. ಆ ಔದಾರ್ಯವನ್ನು ಮನೆಯಲ್ಲಿ ಸಾಕಿದ ಗಿನಿಹಂದಿಗೂ ತೋರಹೊರಟರೆ ಮಾತ್ರ ಅನಾಹುತ ತಪ್ಪಿದ್ದಲ್ಲ.

ಹೆಸರು ಗಿನಿಹಂದಿಯಾದರೂ ಈ ಸಾಧುಪ್ರಾಣಿ ಗಿನಿ ದೇಶದ್ದಲ್ಲ, ಹಂದಿಯಂತೂ ಅಲ್ಲ. ಇಲಿ ಅಳಿಲುಗಳಂತೆ ಇದೂ ಒಂದು ದಂಶಕ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತ್ಯದ ಜನರು ಇದನ್ನು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದರು. ಇದರ ಕಿವಿ ಬಹು ಸೂಕ್ಷ್ಮ. ಮನುಷ್ಯನ ಒಳಗಿವಿಯ ಶಂಖಕ್ಕೆ ಸುಮಾರು ಎರಡೂವರೆ ಸುತ್ತುಗಳಿದ್ದರೆ ಇದರದಕ್ಕೆ ಸುಮಾರು ನಾಲ್ಕು. ಶ್ರವಣದ ರಹಸ್ಯವನ್ನು ಅರಸಿದ ವಿಜ್ಞಾನಿಗಳು ಇದರ ಕಿವಿಯನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. 1961ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಗೆಯಾರ್ಗ್ ಫಾನ್ ಬೇಕೇಶಿ ಅವರಲ್ಲೊಬ್ಬರು.

ಇಂತಹ ಕಿವಿಯ ಮಡಿಕೆಗಳಲ್ಲಿ ಕೊಂಚ ಕಂದುಬಣ್ಣದ ಗುಗ್ಗೆ ಇರುವುದು ಸಹಜ. ಕಿವಿಯ ಹಿಂದಣ ಬೋಳು ಜಾಗವೂ ಪ್ರಕೃತಿ ಕೊಟ್ಟದ್ದೇ. ಅದನ್ನು ರೋಗವೆಂದು ಬಗೆದು ಮುಲಾಮು ಹಚ್ಚಬೇಕಾಗಿಲ್ಲ. ವಾರಕ್ಕೊಮ್ಮೆ ಬೆಳಕಿನಲ್ಲಿ ಕಿವಿಯನ್ನು ನೋಡಬೇಕು. ಕೊಳೆ ಕಂಡರೆ ಮಾತ್ರ ಒರೆಸಬೇಕು.

ಒರೆಸುವ ವಿಧಾನ ಸರಳವಾದುದು. ಒಬ್ಬರು ಪ್ರಾಣಿಯನ್ನು ಟವೆಲಿನಲ್ಲಿ ಹಗುರವಾಗಿ ಸುತ್ತಿ, ಹಿಂಭಾಗಕ್ಕೆ ಕೈಯ ಆಸರೆಯಿತ್ತು ಮಡಿಲಲ್ಲಿ ಕೂರಿಸಿಕೊಳ್ಳಬೇಕು. ಇನ್ನೊಬ್ಬರು ಮೆದು ಬಟ್ಟೆಗೆ ಔಷಧಿ ಅಂಗಡಿಯಲ್ಲಿ ದೊರೆಯುವ ಲಿಕ್ವಿಡ್ ಪ್ಯಾರಾಫಿನ್ನಿನ ಒಂದೆರಡು ಹನಿ ಹಾಕಿ ಹೊರಗಿವಿಯ ಮಡಿಕೆಗಳನ್ನು ಒರೆಸಬೇಕು. ಗುಗ್ಗೆ ಒಣಗಿ ಗಟ್ಟಿಯಾಗಿದ್ದರೆ ಎಣ್ಣೆ ಸವರಿ ಕೆಲವು ನಿಮಿಷ ಕಾದರೆ ತಾನಾಗಿ ಮೆದುವಾಗುತ್ತದೆ. ಕಣ್ಣಿಗೆ ಕಾಣದ ಭಾಗವನ್ನು ಮುಟ್ಟಲೇಬಾರದು. ಹತ್ತಿ ಸುತ್ತಿದ ಕಡ್ಡಿಯೂ ಗುಗ್ಗೆಯನ್ನು ಒಳಕ್ಕೆ ತಳ್ಳುತ್ತದೆ. ಪ್ರಾಣಿ ಬೆಚ್ಚಿ ತಲೆ ಕೊಡವಿದರೆ ಕಿವಿಯ ತಮಟೆಯೇ ಹರಿದೀತು. ಸಾಬೂನಿನ ನೀರು, ಹೈಡ್ರೋಜನ್ ಪೆರಾಕ್ಸೈಡು, ಮಕ್ಕಳ ಕಿವಿಗೆ ಬಿಡುವ ಬಿಸಿಯೆಣ್ಣೆ, ಇವಾವುವೂ ಬೇಡ.

ಒರೆಸುವುದರಿಂದ ವಾಸಿಯಾಗದ ಬೇನೆಗಳೂ ಉಂಟು. ಕಿವಿಯಿಂದ ಕೀವು, ದುರ್ವಾಸನೆ, ಎಡೆಬಿಡದ ಕೆರೆತ, ಒಂದೇ ಕಡೆಗೆ ವಾಲಿದ ತಲೆ, ತೂಕ ತಪ್ಪಿದ ನಡೆ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ಇದು ನೋವನ್ನು ಬಚ್ಚಿಡುತ್ತದೆ. ಮೇವು ಬಿಟ್ಟಿತೆಂದರೆ ಸ್ಥಿತಿ ವಿಷಮಿಸಿದೆಯೆಂದೇ ತಿಳಿಯಬೇಕು.

ಇಲ್ಲಿಯೇ ಕರುಣೆಯು ಕೊಲೆಗೆ ತಿರುಗುವ ಭಯವಿರುವುದು. ಮನೆಯ ಕಪಾಟಿನಲ್ಲಿ ಮಕ್ಕಳ ಜ್ವರಕ್ಕೆಂದು ತಂದು ಮಿಕ್ಕ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಇರುವುದುಂಟು. ಮನುಷ್ಯನಿಗೆ ಸಂಜೀವಿನಿಯಾದ ಆ ಮದ್ದನ್ನು ನುಂಗಿಸಿದರೆ ಗಿನಿಹಂದಿಯ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳು ಅಳಿದು, ವಿಷಕಾರಿಗಳು ಹೆಚ್ಚಿ, ಕೆಲವೇ ದಿನಗಳಲ್ಲಿ ಅದು ಸಾಯಬಹುದು. ಕಿವಿಯನ್ನು ಉಳಿಸಹೋಗಿ ಪ್ರಾಣವನ್ನೇ ಕಳೆದಂತಾಗುತ್ತದೆ. ಯಾವ ಮದ್ದು, ಎಷ್ಟು ಎಂಬುದನ್ನು ಪಶುವೈದ್ಯರೇ ಹೇಳಬೇಕು.

ವಾರಕ್ಕೊಮ್ಮೆ ನೋಡುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು. ಒರೆಸುವುದು ದೊಡ್ಡವರ ಕೆಲಸವಾಗಿರಲಿ. ಗುಗ್ಗೆ ಕಡ್ಡಿ ಮಾತ್ರ ಅಜ್ಜನ ಜೇಬಿನಲ್ಲಿಯೇ ಇರಲಿ.